ಬಡ್ಡಿಗೆ ಹೋದ ಹೆಸರು

ಬಡ್ಡಿಯನ್ನು ಶಬ್ದಗಳಲ್ಲಿ ಕಟ್ಟುವ ಪದ್ಧತಿ ಬಂದು ಎಷ್ಟೋ ವರ್ಷಗಳಾಗಿದ್ದವು. ಹಾಗಾಗಿ ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕ್ರೆಡಿಟ್ ಕಾರ್ಡು ಆರಿಸಲು ಕುಳಿತ ಚಂಪವ್ವನಿಗೆ ಅದು ವಿಶೇಷವೆನಿಸಲಿಲ್ಲ. ಗಂಡ ತೀರಿಕೊಂಡ ಈ ಹದಿನೆಂಟು ದಿನಗಳಲ್ಲಿ ಅವಳಿಗೆ ಯಾವುದೂ ವಿಶೇಷವೆನಿಸಿರಲಿಲ್ಲ.

"ಇದಕ್ಕ ವರ್ಷದ ಫೀ ಇಲ್ರಿ ಅಕ್ಕಾರ, ಬಡ್ಡೀನೂ ಕಡಿಮಿ," ಎಂದರು ಕೌಂಟರಿನ ಮೇಡಂ. "ಬ್ಯಾರೆ ಕಾರ್ಡಿಗೆ ತಿಂಗಳಿಗೆ ಹತ್ತು ಶಬ್ದ ಹೋಗ್ತಾವ. ಇದಕ್ಕ ಒಂದ ಶಬ್ದ, ಅದೂ ಒಮ್ಮೆ ಅಷ್ಟ. ಕೊಟ್ಟ ಮ್ಯಾಲ ಅದು ನಿಮಗ ನೆನಪಿರಂಗಿಲ್ಲ. ಬಳಸಲಾರದ ಶಬ್ದ ನೋಡಿ ಕೊಡ್ರಿ. ಖರೀದಿ ಮಾಡಿದಂಗ ಪಾಯಿಂಟೂ ಸಿಗ್ತಾವ."

ಚಂಪವ್ವ ಹೆಚ್ಚು ಯೋಚಿಸಲಿಲ್ಲ. ಮೂವತ್ತು ವರ್ಷಗಳ ಸಂಸಾರದಲ್ಲಿ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯ ದಿನ ಎಲ್ಲರೂ ಕಾಡಿದಾಗ ಪ್ರಾಸ ಕಟ್ಟಿದ ಒಡಪಿನೊಳಗೆ. ಆ ಹೆಸರನ್ನೇ ಫಾರ್ಮಿನಲ್ಲಿ ಬರೆದುಕೊಟ್ಟಳು.

ಕೈಗೆ ಬಂದ ಹೊಸ ಕಾರ್ಡು ಹಿಡಿದು ಅಲ್ಲಿಂದ ನೇರವಾಗಿ ಫೋಟೋ ಅಂಗಡಿಗೆ ಹೋದಳು. ಕಟ್ಟು ಹಾಕಿಸಲು ಕೊಟ್ಟಿದ್ದ ಗಂಡನ ಫೋಟೋ ತಯಾರಿತ್ತು. ಅಂಗಡಿಯವನು ಕಾರ್ಡು ಉಜ್ಜಿ, "ನಲವತ್ತು ಪಾಯಿಂಟ್ ಬಂದಾವ ನೋಡ್ರಿ," ಎಂದು ಪೆನ್ನು ಕೈಗೆತ್ತಿಕೊಂಡ. "ಕೆಳಗ ಹೆಸರು ಏನಂತ ಬರೀಲ್ರಿ?"

ಚಂಪವ್ವ ಒಡಪನ್ನು ಮೊದಲಿನಿಂದ ಹೇಳಿ ನೋಡಿದಳು. "ಹೋಳಿಗಿ ಮ್ಯಾಲ ತುಪ್ಪದ ಹನಿ..." ಹೆಸರಿನ ಜಾಗದಲ್ಲಿ ಬಾಯಿ ತೆರೆಯಿತು, ಮುಚ್ಚಿತು. "...ರಾಯರು ಅಂದ್ರ ನನ್ನ ಮನಿ ದನಿ."

ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

"ನಮ್ಮನಿಯವ್ರು ಅಂತ ಬರೀರಿ," ಎಂದಳು.