ಇಪ್ಪತ್ತೈದು ಸಾವಿರ ಬಿಟ್ಟುಹೋದ ಕಳ್ಳ

2005ರ ಫೆಬ್ರವರಿ 7, ಸೋಮವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಶಂಕರಪುರಂನ ಬ್ರೌಸಿಂಗ್ ಸೆಂಟರಿನಲ್ಲಿ ಮೂರನೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದ ಶ್ರೀಹರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅಂಕಿ ಬದಲಾಗಲಿಲ್ಲ. ಉಳಿತಾಯ ಖಾತೆಯಲ್ಲಿ ಇರಬೇಕಾದದ್ದು ಮೂರು ಲಕ್ಷದ ನಲವತ್ತು ಸಾವಿರ. ಇದ್ದದ್ದು ಇಪ್ಪತ್ತೈದು ಸಾವಿರ. ಉಳಿದದ್ದು ಶನಿವಾರ ಒಂದೇ ಏಟಿಗೆ ಹೊರಟುಹೋಗಿತ್ತು. ವಿವರದ ಜಾಗದಲ್ಲಿ ಉದ್ದನೆಯ ಒಂದು ಸಂಖ್ಯೆ ಮಾತ್ರ.

ತಕ್ಷಣ ಬ್ಯಾಂಕಿಗೆ ಓಡಬೇಕಿತ್ತು. ಅವರು ಮನೆಯ ಕಡೆ ನಡೆದರು. ರಸಾಯನಶಾಸ್ತ್ರದ ಅಧ್ಯಾಪಕರಾಗಿ ನಿವೃತ್ತರಾದ ಅವರು, ಅದೇ ಬ್ಯಾಂಕಿನ ಮಹಡಿಯ ಮೇಲೆ ಪ್ರತಿ ಶನಿವಾರ ಪಿಂಚಣಿದಾರರಿಗೆ ಆನ್‌ಲೈನ್ ಬ್ಯಾಂಕಿಂಗಿನ ಪಾಠ ಹೇಳುತ್ತಿದ್ದರು. ಪಾಸ್‌ವರ್ಡನ್ನು ಹೆಂಡತಿಗೂ ಹೇಳಬೇಡಿ, ಪಂಚಾಂಗದ ಹಿಂದೆಯೂ ಬರೆಯಬೇಡಿ. ಕಳೆದ ತಿಂಗಳಷ್ಟೇ ಕರೆಂಟ್ ಬಿಲ್ಲನ್ನೂ ಆನ್‌ಲೈನ್‌ನಲ್ಲೇ ಕಟ್ಟಲು ಅರ್ಜಿ ಕೊಟ್ಟು, ಅದನ್ನೂ ಎಲ್ಲರಿಗೂ ವಿವರಿಸಿದ್ದರು. ಈಗ ಅದೇ ಬ್ಯಾಂಕಿನ ಕೌಂಟರಿನಲ್ಲಿ ನಿಂತು ನನ್ನ ದುಡ್ಡು ಹೋಯಿತು ಎನ್ನುವುದು ಹೇಗೆ?

"ಬ್ಯಾಂಕಲ್ಲಿ ಒಂದ್ಮಾತು ಕೇಳಿದ್ರೆ ನಿಮ್ಮ ಗಂಟೇನ್ರೀ ಹೋಗತ್ತೆ?" ಎಂದರು ಹೆಂಡತಿ ಕೋಕಿಲಾ.

"ಮಾನ ಹೋಗತ್ತೆ."

"ಮೂರು ಲಕ್ಷ ಹೋದ್ಮೇಲೂ ಮಾನ ಎಣಿಸ್ತಾ ಕೂತಿದೀರಲ್ಲ!"

ಶ್ರೀಹರಿ ಎರಡು ದಿನ ಯೋಚಿಸಿದರು. ಕಾಗದದ ಮೇಲೆ ಸಾಧ್ಯತೆಗಳನ್ನು ಬರೆದು ಒಂದೊಂದಾಗಿ ಹೊಡೆದುಹಾಕಿದರು. ಕೊನೆಗೆ ಒಂದೇ ಹೆಸರು ಉಳಿಯಿತು: ಬ್ರೌಸಿಂಗ್ ಸೆಂಟರಿನ ಮಾಲೀಕ, ಅವರದೇ ಹಳೆಯ ವಿದ್ಯಾರ್ಥಿ, ಮುರುಗೇಶ.

ಬುಧವಾರ ಅವರು ನೇರವಾಗಿ ಅಂಗಡಿಗೆ ಹೋದರು. "ಮುರುಗೇಶ, ನನ್ನ ಖಾತೇಲಿ ಮೂರು ಲಕ್ಷದ ಹದಿನೈದು ಸಾವಿರ ಹೋಗಿದೆ. ನಾನು ಕೂರೋದು ನಿನ್ನ ಮೂರನೇ ಮಿಷಿನ್ ಒಂದ್ರಲ್ಲೇ."

ಆರೂ ಕುರ್ಚಿಗಳಲ್ಲಿದ್ದವರು ತಿರುಗಿ ನೋಡಿದರು. ಇಬ್ಬರು ಕಾಸು ಕೊಟ್ಟು ಎದ್ದುಹೋದರು.

"ಸಾರ್, ನಾನು ನಿಮ್ಮ ಸ್ಟೂಡೆಂಟು."

"ಅದಕ್ಕೇ ಪೊಲೀಸ್ ಸ್ಟೇಷನ್ನಿಗೆ ಹೋಗೋ ಮೊದ್ಲು ಇಲ್ಲಿಗೆ ಬಂದೆ."

ಮುರುಗೇಶ ಎಲ್ಲರನ್ನೂ ಕಳಿಸಿ ಷಟರನ್ನು ಅರ್ಧ ಇಳಿಸಿದ. "ಯಾರೋ ಬಂದೋನು ಮಿಷಿನ್‌ಗೆ ಏನೋ ಹಾಕಿ ಹೋಗಿರ್ಬೋದು ಸಾರ್. ನನ್ನ ಅಂಗ್ಡೀಲಿ ಹೋಗಿದ್ರೆ ಜವಾಬ್ದಾರಿ ನಂದೇ. ಪೊಲೀಸ್ರು ಬಂದ್ರೆ ಮಾತ್ರ ನಾನು ಬಾಗ್ಲು ಹಾಕ್ಬೇಕಾಗತ್ತೆ. ಟೈಮ್ ಕೊಡಿ, ತೀರಿಸ್ತೀನಿ."

ಕದಿಯದವನು ಯಾಕೆ ತೀರಿಸುತ್ತಾನೆ? ಶ್ರೀಹರಿಯವರ ಮಟ್ಟಿಗೆ ಪ್ರಯೋಗ ಮುಗಿದು ಫಲಿತಾಂಶ ಬಂದಿತ್ತು.

ಶುಕ್ರವಾರ, 11ನೇ ತಾರೀಕು, ಮುರುಗೇಶ ಮನೆಗೆ ಬಂದ. ಪೇಪರಿನಲ್ಲಿ ಸುತ್ತಿದ ನಲವತ್ತು ಸಾವಿರ. ನಾಲ್ಕು ಕಂಪ್ಯೂಟರುಗಳನ್ನು ಎಸ್.ಪಿ. ರಸ್ತೆಯಲ್ಲಿ ಮಾರಿದ್ದ. ಕೋಕಿಲಾ ಕಾಫಿ ತಂದಿಟ್ಟರು. ಅವನು ಮುಟ್ಟಲಿಲ್ಲ.

"ಉಳಿದದ್ದು ತಿಂಗಳು ತಿಂಗಳು ಕೊಡ್ತೀನಿ ಸಾರ್. ಹೊರಗಡೆ ಯಾರ ಹತ್ರಾನೂ ಹೇಳ್ಬೇಡಿ."

ಶ್ರೀಹರಿ ಅಂದೇ ಆ ಹಣವನ್ನು ಖಾತೆಗೆ ಕಟ್ಟಿದರು. "ಏನ್ ಸಾರ್, ಎಲ್ಲಿಂದಲೋ ಒಳ್ಳೇ ದುಡ್ಡು ಬಂದಿರೋ ಹಾಗಿದೆ!" ಎಂದು ಕೌಂಟರಿನ ಆಂಡಾಳ್ ನಕ್ಕಳು.

"ಹಳೇ ಬಾಕಿ, ವಸೂಲಾಯ್ತು," ಎಂದರು.

ಮರುದಿನದ ಪಾಠದಲ್ಲಿ ಒಂದು ಹೊಸ ನಿಯಮ ಸೇರಿತು. ಬ್ರೌಸಿಂಗ್ ಸೆಂಟರಿನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಶಂಕರಪುರಂನಲ್ಲಂತೂ ಬೇಡವೇ ಬೇಡ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ವಾರ ಮುರುಗೇಶನ ಅಂಗಡಿಯಲ್ಲಿ ಉಳಿದಿದ್ದ ಎರಡು ಕುರ್ಚಿಗಳಲ್ಲೂ ಯಾರೂ ಕೂರಲಿಲ್ಲ.

18ನೇ ತಾರೀಕು, ಶುಕ್ರವಾರ. ಆಂಡಾಳ್ ಪಾಸ್‌ಬುಕ್ಕಿನಲ್ಲಿ ನಮೂದು ಮಾಡಿ ಕೊಟ್ಟಳು. ಶ್ರೀಹರಿ ಕೊನೆಯ ಸಾಲನ್ನು ಎರಡು ಸಲ ಓದಿದರು. ನಲವತ್ತು ಸಾವಿರ ಬಂದ ದಿನವೇ ಹೋಗಿತ್ತು. ಉಳಿದದ್ದು ಮತ್ತೆ ಇಪ್ಪತ್ತೈದು ಸಾವಿರ.

ಇಷ್ಟು ದಿನ ಕಾಪಾಡಿಕೊಂಡ ಮಾನ ಅವರಿಗೆ ಮರೆತೇಹೋಯಿತು.

"ಕೊಟ್ಟ ಕೈಲೇ ಕಿತ್ಕೊಂಡಿದಾನಮ್ಮ ಆ ಮುರುಗೇಶ! ಬ್ರೌಸಿಂಗ್ ಸೆಂಟರಿನ ಕಳ್ಳ!"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಅವರಲ್ಲಿ ಮೂವರು ಶನಿವಾರದ ಪಾಠದವರು.

"ಯಾರೂ ಕಿತ್ಕೊಂಡಿಲ್ಲ ಸಾರ್," ಎಂದಳು ಆಂಡಾಳ್ ಮೆಲ್ಲಗೆ. "ಇಪ್ಪತ್ತೈದು ಸಾವಿರದ ಮೇಲೆ ಎಷ್ಟೇ ಬಂದ್ರೂ ತಾನಾಗೇ ನಿಮ್ಮ ಹೆಸರಿನ ಎಫ್‌ಡಿಗೆ ಹೋಗತ್ತೆ. ಮೂರೂವರೆ ಪರ್ಸೆಂಟ್ ಬದ್ಲು ಆರು ಸಿಗತ್ತೆ. ಬಿಲ್ ಕಟ್ಟೋ ಅರ್ಜೀಲಿ ನೀವೇ ಕೇಳಿದ್ರಲ್ಲ?"

ಅವಳು ಕಡತದಿಂದ ಅರ್ಜಿಯನ್ನು ತೆಗೆದು ಅವರ ಮುಂದಿಟ್ಟಳು. ಬೇಕಾದ ಸೌಲಭ್ಯಕ್ಕೆ ಮಾತ್ರ ಗುರುತು ಹಾಕಬೇಕಿದ್ದ ಏಳು ಚೌಕಗಳು. ವಿದ್ಯಾರ್ಥಿಗಳು ಖಾಲಿ ಬಿಟ್ಟ ಕಾಲಮ್ಮಿಗೆ ಮೂವತ್ತು ವರ್ಷ ಅರ್ಧ ಅಂಕ ಕಳೆದ ಕೈ ಏಳಕ್ಕೂ ಒಂದೇ ಅಳತೆಯ ಗುರುತು ಹಾಕಿತ್ತು. ಒಂದು ಪೈಸೆಯೂ ಎಲ್ಲಿಗೂ ಹೋಗಿರಲಿಲ್ಲ.

ಮುರುಗೇಶನ ನಲವತ್ತು ಸಾವಿರಕ್ಕೆ ಆ ಏಳು ದಿನಗಳಲ್ಲಿ, ಶೇಕಡಾ ಆರರಂತೆ, ಶ್ರೀಹರಿಯವರ ಹೆಸರಿಗೆ ಹುಟ್ಟಿದ್ದ ಬಡ್ಡಿ 46 ರೂಪಾಯಿ 3 ಪೈಸೆ.