ಇಳಿಯುವ ಜಾಗ

ಶಾಲು ಹೊದಿಸಲಿಕ್ಕೆ ತಾರಾನಾಥನನ್ನೇ ವೇದಿಕೆಗೆ ಕರೆದಾಗ ದಯಾನಂದ ಕಾಲುಗಳನ್ನು ಕುರ್ಚಿಯಡಿಗೆ ಎಳೆದುಕೊಂಡ. ಮುಂಬಯಿ ಹತ್ತಿರದ ಕಲ್ಯಾಣದ ಕನ್ನಡ ಸಂಘದ ಹಾಲ್ ತುಂಬ ಚಪ್ಪಾಳೆ. ಊರೂರು ಸುತ್ತಿ ಬಾಸ್ಕೆಟ್‌ಬಾಲ್ ಆಡಿ ನಿವೃತ್ತನಾದ ದಯಾನಂದನಿಗೆ ಸನ್ಮಾನ. ಹೊದಿಸುವವನು ಅವನ ಹಳೆಯ ಜತೆಗಾರ, ಕುಂಟುತ್ತಲೇ ಟಿಟ್ವಾಳಾದಿಂದ ಲೋಕಲ್ ರೈಲು ಹತ್ತಿ ಬಂದವನು.

ಎಷ್ಟೋ ವರ್ಷಗಳ ಹಿಂದೆ, ಕಂಪನಿ ಟೀಮಿನ ಆಯ್ಕೆಯ ದಿನ ಉಳಿದದ್ದು ಒಂದೇ ಸ್ಥಾನ. ತಾರಾನಾಥ ಚೆಂಡೆಸೆಯಲು ಮೇಲಕ್ಕೆ ಹಾರಿದ್ದ. ಅವನು ಇಳಿಯುವ ಜಾಗಕ್ಕೆ ದಯಾನಂದ ಮೆಲ್ಲಗೆ ತನ್ನ ಪಾದ ಸರಿಸಿದ್ದ. ಬಿದ್ದವನ ಮೊಣಕಾಲು ಮತ್ತೆ ನೆಟ್ಟಗಾಗಲಿಲ್ಲ. "ನನ್ನ ಬೂಟೇ ಜಾರಿತು" ಅಂತ ತಾರಾನಾಥ ಎಲ್ಲರಿಗೂ ಹೇಳುತ್ತ ಬಂದ. ಪಾಪ, ಅವನಿಗೆ ಗೊತ್ತೇ ಇಲ್ಲ ಅಂದುಕೊಂಡು ದಯಾನಂದ ಇಷ್ಟು ವರ್ಷ ಉಂಡ, ಮಲಗಿದ. ಹೇಳಿಬಿಡಬೇಕು ಅಂತ ನಾಲಿಗೆಯ ತುದಿಗೆ ಬಂದದ್ದನ್ನು ಪ್ರತಿ ಸಲವೂ ನುಂಗಿಕೊಂಡ.

ಇವತ್ತು ಮೈಕಿನಲ್ಲೂ ತಾರಾನಾಥ ಅದೇ ಬೂಟಿನ ಕಥೆ ಹೇಳಿ ಜನರನ್ನು ನಗಿಸಿದ. ಶಾಲು ಹೊದಿಸಿಕೊಳ್ಳಲು ಬಗ್ಗಿದ ದಯಾನಂದನಿಗೆ ತಲೆಯೆತ್ತಲು ಆಗಲಿಲ್ಲ. ತಾರಾನಾಥ ವೇದಿಕೆಯಿಂದ ಇಳಿಯಲು ಹೊರಟಾಗ ದಯಾನಂದ ಅವಸರದಲ್ಲಿ ಮುಂದೆ ಹೋಗಿ, ಕೆಳಗಿನ ಮೆಟ್ಟಿಲಲ್ಲಿ ನಿಂತು ಕೈ ಚಾಚಿದ. "ಹಿಡ್ಕೊ ತಾರಾ, ನಾನಿದ್ದೇನೆ."

ಕಾಲೆತ್ತಿದ ತಾರಾನಾಥ ಹಾಗೇ ನಿಂತುಬಿಟ್ಟ. ಚಾಚಿದ ಕೈ ಹಿಡಿಯದೆ, ಮೆಟ್ಟಿಲ ನಡುವೆ ಊರಿದ್ದ ದಯಾನಂದನ ಪಾದವನ್ನೇ ನೋಡಿದ.

"ಕೈ ಆಮೇಲೆ ಮಾರಾಯ," ಎಂದ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ. "ಮೊದಲು ಆ ಕಾಲು ತೆಗಿ."