ಒಳಬದಿ, ಹೊರಬದಿ

ಹಳೆಯ ತೊಟ್ಟಿಯನ್ನು ಗುಜರಿಗೆ ಹಾಕಲೆಂದು ಹಿಂಬದಿಯ ತಗಡು ಬಿಚ್ಚಿದ ಪ್ರಯೋಗಾಲಯದ ಫಿಟ್ಟರ್ ಬಗ್ಗಿ ಎರಡೆರಡು ಸಲ ನೋಡಿದ. ಒಳಗೆ ಎರಡು ಪೈಪುಗಳು ಅದಲುಬದಲಾಗಿದ್ದವು. ‘ಒಳಬದಿ’ ಎಂದು ಬರೆದಿದ್ದ ವಾಲ್ವಿನ ನೀರು ಹೊರಬದಿಗೆ ಹೋಗುತ್ತಿತ್ತು. ಹದಿನೇಳು ವರ್ಷದ ಹಿಂದೆ ಅದನ್ನು ಜೋಡಿಸಿದವನು ಅವನೇ.

ಆ ತೊಟ್ಟಿಯೆಂದರೆ ಬಿಲ್ಲಿನಂತೆ ಬಾಗಿದ ಕಾಲುವೆ. ವೇಗದ ನೀರೂ ನಿಧಾನದ ನೀರೂ ಅಕ್ಕಪಕ್ಕ ಹರಿಯುತ್ತ ಹೇಗೆ ಬೆರೆಯುತ್ತವೆಂದು ನೋಡಲು ಮಾಡಿದ್ದು. ವೇಗದ ನೀರು ತಿರುವಿನ ಒಳಬದಿಗಿದ್ದರೆ ನಡುವಿನ ಪದರ ಸುಳಿಸುಳಿಯಾಗಿ ಒಡೆಯಬೇಕು, ಹೊರಬದಿಗಿದ್ದರೆ ತೆಪ್ಪಗಿರಬೇಕು. ಸಂಶೋಧನೆಗೆ ಬಂದಿದ್ದ ಹುಡುಗಿಗೆ ಮಾತ್ರ ಮೂರು ಸಲವೂ ಎಲ್ಲ ತಿರುಗುಮುರುಗು. “ಕೂತಲ್ಲೇ ಅಂಕಿ ಹುಟ್ಟಿಸಿ ಬರೆದಿದ್ದೀಯ,” ಎಂದು ಪ್ರೊಫೆಸರರು ಎಲ್ಲರೆದುರೇ ಅಂದರು. “ನೀರು ಹೀಗೇ ಹರೀತು ಸಾರ್,” ಎಂದವಳು ಮತ್ತೆ ಆ ಪ್ರಯೋಗಾಲಯದ ಮೆಟ್ಟಿಲು ಹತ್ತಲಿಲ್ಲ. ಅಂದು ಸ್ಪ್ಯಾನರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಫಿಟ್ಟರನೂ ತಪ್ಪು ಅವಳದೇ ಅಂದುಕೊಂಡಿದ್ದ.

ಅವರಿವರನ್ನು ಕೇಳಿ ಮಧ್ಯಾಹ್ನವೇ ಅವಳ ಮನೆ ಹುಡುಕಿ ಹೋದ. ಅವಳ ತಲೆ ಅರ್ಧ ನರೆತಿತ್ತು. ಮುಂಗೋಣೆಯಲ್ಲಿ ಕೂತು ಯಾರದೋ ಪಿಎಚ್.ಡಿ. ಪ್ರಬಂಧಕ್ಕೆ ರಟ್ಟು ಅಂಟಿಸುತ್ತಿದ್ದಳು.

“ಪೈಪು ಉಲ್ಟಾ ಹಾಕಿದ್ದೆ ತಾಯಿ. ಇವತ್ತು ಬೆಳಿಗ್ಗೆ ಕಣ್ಣಿಗೆ ಬಿತ್ತು.”

ಅಂಟಿನ ಕುಂಚ ಹಾಗೇ ನಿಂತಿತು. “ಹಾಗಾದ್ರೆ ನನ್ನ ಅಳತೆ ಸರಿಯಿತ್ತಾ, ಫಿಟ್ಟರಣ್ಣ?”

“ಕೂದಲೆಳೆಯಷ್ಟೂ ತಪ್ಪಿರ್ಲಿಲ್ಲ. ಪ್ರೊಫೆಸರಿಗೆ ನಾನೇ ಹೇಳೋಣ ಅಂದ್ರೆ...”

“ಅವರು ಹೋಗಿ ಆರು ವರ್ಷ ಆಯ್ತು. ಪೇಪರಲ್ಲಿ ನೋಡ್ದೆ.”

“ಬಾಯಿಗೆ ಬಂದ ಹಾಗೆ ಬೈದುಬಿಡಿ ತಾಯಿ.”

ಅವಳು ಕೈ ಒರೆಸಿಕೊಂಡು, ಒಳಗೆ ಬನ್ನಿ ಎಂದು ಕರೆದಳು. ಕತ್ತಲೆಗಟ್ಟಿದ ಕೋಣೆಯ ಮಂಚದ ಮೇಲೆ ಮುದುಕಿಯೊಬ್ಬರು ಗೋಡೆಗೆ ಒರಗಿದ್ದರು.

“ನಮ್ಮಮ್ಮ. ನಾನು ಸುಳ್ಳು ಬರೆದು ಸಿಕ್ಕಿಬಿದ್ದೆ ಅಂತಲೇ ಇವತ್ತಿಗೂ ನಂಬಿದಾರೆ. ಕಿವಿ ಮಂದ. ಸ್ವಲ್ಪ ಜೋರಾಗಿ ಹೇಳಿ.”

ಫಿಟ್ಟರ್ ಬಗ್ಗಿ, ಮುದುಕಿಯ ಕಿವಿಗೆ ಬಾಯಿಟ್ಟು ಕೂಗಿದ. “ತಪ್ಪು ನಂದಮ್ಮಾ! ನಿಮ್ಮ ಮಗಳದ್ದಲ್ಲ! ಪೈಪು ಉಲ್ಟಾ ಹಾಕಿದ್ದು ನಾನು!”

ಮುದುಕಿ ಅವನ ಎಣ್ಣೆಗಪ್ಪು ಕೈಗಳನ್ನು ನೋಡಿದರು, ಆಮೇಲೆ ಮಗಳನ್ನು.

“ಪೈಪಾ? ನಲ್ಲಿ ರಿಪೇರಿಯವರಾ ಇವರು?”

ಮಗಳು ತಾಯಿಯ ಹೊದಿಕೆ ಸರಿಮಾಡಿದಳು.

“ಹೂಂ ಅಮ್ಮ. ಬರೋದು ಸ್ವಲ್ಪ ತಡವಾಯ್ತು.”